ವಿಭೂತಿ ಹಿಡಿದ ಬಲಗೈ

ಮುರಿದ ಮನೆಗಳನ್ನು ಕೂಡಿಸುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯ ಕೌಟುಂಬಿಕ ಸಲಹಾಧಿಕಾರಿ ಮೇಡಂ ಅವರೇ,

ಸಂಜೆ ಏಳಕ್ಕೆ ಬರುವ ಒಂದು ಟಿವಿ ಧಾರಾವಾಹಿಯನ್ನು ನಂಬಿ ನೀವು ನನ್ನ ಮಗಳ ದೂರನ್ನು ದಾಖಲಿಸದೆ ಬಿಟ್ಟಿರಿ, ಅವಳನ್ನು ಹೊಡೆಯುವ ಗಂಡನ ಮನೆಗೇ ವಾಪಸು ಕಳಿಸಿದಿರಿ. ನನ್ನ ತಕರಾರು ಇಷ್ಟೇ. ಇದನ್ನು ಎದುರಿಗೇ ಹೇಳೋಣವೆಂದು ಬಂದಾಗಲೆಲ್ಲ "ಮೇಡಂ ಮೀಟಿಂಗ್‌ನಾಗೆ ಅದಾರ್ರಿ" ಎಂಬ ಉತ್ತರ ಬಾಗಿಲಲ್ಲೇ ಸಿಕ್ಕಿತು. ಹಾಗಾಗಿ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ನಿಮ್ಮಲ್ಲಿಗೆ ದಿನವೂ ಹೆಣ್ಣುಮಕ್ಕಳು ಬರುತ್ತಾರೆ, ಎಲ್ಲರನ್ನೂ ಎಲ್ಲಿ ನೆನಪಿಟ್ಟುಕೊಳ್ಳುತ್ತೀರಿ ಪಾಪ! ನಾನೇ ನೆನಪಿಸುತ್ತೇನೆ. ಹೆಸರು ಸ್ನೇಹಾ. ಹರಿಹರಕ್ಕೆ ಕೊಟ್ಟ ನನ್ನ ಒಬ್ಬಳೇ ಮಗಳು. ಅತ್ತೆಯ ಲಿಂಗಪೂಜೆ ಮುಗಿಯುವ ಮುಂಚೆ ಒಂದು ಲೋಟ ಚಹಾ ಕುಡಿದಳೆಂದು ಗಂಡ ಬೆಲ್ಟು ತೆಗೆದುಕೊಂಡು ಬಾರಿಸಿದ್ದ. ಬಳೆ ಮೇಲಕ್ಕೆ ಸರಿಸಿ ನಿಮಗೆ ಬಾಸುಂಡೆ ತೋರಿಸಿದಳು. ನೀವು "ಅಯ್ಯೋ" ಎಂದಿರಿ. ಅಷ್ಟು ದೊಡ್ಡ ಮನಸ್ಸು ನಿಮ್ಮದು, ಅಲ್ಲಗಳೆಯುವುದಿಲ್ಲ. ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು, "ಆ ಸೀರಿಯಲ್ ನೋಡ್ತೀಯೇನವ್ವ? ಎಂಥಾ ದೈವಭಕ್ತರ ಮನೆ ಅದು! ಆ ಸೊಸೆ ಎಷ್ಟು ತಡ್ಕಂಡ್ಲು! ಕೊನೀಗೆ ಅತ್ತೆನೇ ಬಂದು ಕೈ ಮುಗಿದ್ಲೋ ಇಲ್ವೋ?" ಎಂದು ಕೇಳಿದಿರಿ.

"ಅಲ್ಲಿ ಹೊಡಿಯೋನಿಗೆ ಡೈರೆಕ್ಟರ್ ಕಟ್ ಅಂತಾರ್ರಿ ಮೇಡಂ. ನಮ್ಮನ್ಯಾಗೆ ಯಾರಂತಾರೆ?" ಎಂದಳು ಮಗಳು.

ನೀವು ನಕ್ಕುಬಿಟ್ಟಿರಿ. "ಭಾರಿ ಮಾತು ಕಲ್ತೀಯ, ಇದಕ್ಕೇ ಜಗಳ ಆಗಾದು" ಎಂದಿರಿ.

ಆ ಧಾರಾವಾಹಿಯನ್ನು ನಾನೂ ಬಲ್ಲೆ. ಒಂದು ಕಂತೂ ಬಿಡದೆ ನೋಡಿದವಳು. ಬೆಳಗಾದರೆ ಧೂಪ, ಮಂತ್ರ, ದೊಡ್ಡ ಪೂಜಾಕೋಣೆ. ಸೊಸೆ ನಿದ್ದೆಯಿಂದ ಎದ್ದಾಗಲೂ ಮುಡಿಯ ಮಲ್ಲಿಗೆ ಬಾಡಿರುವುದಿಲ್ಲ. ಮನೆಮಂದಿಯೆಲ್ಲ ಕೂತು ನೋಡಬಹುದಾದ ಸದಭಿರುಚಿಯ ಕಥೆ ಎಂದು ಹೊಗಳುವವರೇ ಎಲ್ಲ. ಬರೆಯುವವನು ಬರೆಯಲಿ, ಅವನ ಹೊಟ್ಟೆಪಾಡು. ನನ್ನ ಪ್ರಶ್ನೆ ನಿಮಗೆ. ಅಲ್ಲಿ ಗಂಡನ ಮನಸ್ಸು ಕರಗುವುದು ಯಾರೋ ಕೂತು ಹಾಗೆ ಬರೆದದ್ದರಿಂದ. ಹರಿಹರದ ಆ ಮನೆಯಲ್ಲಿ ಮುಂದಿನ ಕಂತನ್ನು ಯಾರು ಬರೆಯಬೇಕಿತ್ತು? ಕಾನೂನಿನ ಪುಸ್ತಕವನ್ನು ಸರ್ಕಾರ ನಿಮ್ಮ ಮೇಜಿನ ಮೇಲೆ ಇಟ್ಟದ್ದು ಧೂಳು ಹಿಡಿಯಲಿಕ್ಕೋ?

ಧಾರಾವಾಹಿಯ ಮಾವ ಮಗನ ಅಂಗೈಗೆ ವಿಭೂತಿ ಹಾಕಿ ಆಣೆ ಮಾಡಿಸುತ್ತಾನಲ್ಲ, ನೀವೂ ಹಾಗೇ ಮಾಡಿದಿರಿ. ನನ್ನ ಅಳಿಯನನ್ನೂ ಅವನ ತಾಯಿಯನ್ನೂ ಕರೆಸಿ, ಡ್ರಾಯರಿನಿಂದ ವಿಭೂತಿ ಗಟ್ಟಿ ತೆಗೆದು ಅವನ ಬಲಗೈಯಲ್ಲಿಟ್ಟಿರಿ. "ಈ ಕೈ ನನ್ನ ಹೆಂಡ್ತಿ ಮೇಲೆ ಏಳಲ್ಲ" ಎಂದು ನೀವು ಹೇಳಿಕೊಟ್ಟಿರಿ, ಅವನು ಕಣ್ಣೀರು ಸುರಿಸುತ್ತ ಹೇಳಿದ. ಬೀಗತಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ನೀವು "ರಾಜಿ" ಎಂದು ಬರೆದು ಕಡತ ಮುಚ್ಚಿದಿರಿ. ವಿಭೂತಿಗೆ ಅಂಜುವ ಜನ ನಾವು. ಅದನ್ನು ಹಿಡಿದು ಆಡಿದ ಮಾತಿಗೆ ಯಾರೂ ತಪ್ಪುವುದಿಲ್ಲವೆಂದು ನನ್ನ ಯಜಮಾನರು ಕರಿಬಸವರಾಜರು ನೆಮ್ಮದಿಯಿಂದ ಮಂಡಿಪೇಟೆಯ ಅಂಗಡಿಗೆ ಹೋದರು.

ಅಳಿಯ ಮಾತಿಗೆ ತಪ್ಪಲಿಲ್ಲ ಮೇಡಂ. ಮುಂದಿನ ತಿಂಗಳು ಹೊಡೆದದ್ದು ಎಡಗೈಯಲ್ಲಿ.

ತಮಾಷೆಗೆ ಹೇಳುತ್ತಿಲ್ಲ. ಮಗಳನ್ನು ಆಸ್ಪತ್ರೆಗೆ ಸೇರಿಸಿ ನಾನು ಫೋನಿನಲ್ಲಿ ಕಿರುಚಾಡಿದಾಗ ಬೀಗತಿ ಸಮಾಧಾನವಾಗಿಯೇ ಹೇಳಿದರು: "ಆಣೆ ಮುರಿದಾನೆ ಅನ್ನಬ್ಯಾಡ್ರಿ ಸರ್ವಮಂಗಳಮ್ಮ. ವಿಭೂತಿ ಹಿಡಿದ ಕೈ ಇನ್ನೂ ಶುದ್ಧ ಐತೆ." ಥೂ! ಎಂಥ ಭಕ್ತಿ ಇದು? ಧಾರಾವಾಹಿಯಲ್ಲಿ ಒಂದು ಏಟು ಬಿದ್ದರೆ ಮೂರು ಸಲ ತೋರಿಸುತ್ತಾರೆ, ಹಿಂದೆ ಗುಡುಗು ಹಾಕುತ್ತಾರೆ. ನನ್ನ ಮಗಳಿಗೆ ಕೇಳಿಸಿದ್ದು ಒಂದೇ ಸಲ. ಆಮೇಲೆ ಆ ಕಿವಿಗೆ ಏನೂ ಕೇಳಿಸಿಲ್ಲ. ಕಿವಿತಮಟೆ ಹರಿದಿದೆ, ಒಳಗಿನ ನರಕ್ಕೂ ಪೆಟ್ಟಾಗಿದೆ, ಬಲಗಿವಿಯ ಆಸೆ ಬಿಡಿ ಎಂದರು ಡಾಕ್ಟರು. ಈಗ ಮಂಡಿಪೇಟೆಯ ರಸ್ತೆ ದಾಟುವಾಗ ಇಪ್ಪತ್ತಾರು ವರ್ಷದ ಮಗಳ ಬಲಗಡೆ ನಾನು ನಡೆಯುತ್ತೇನೆ. ಆ ಕಡೆಯಿಂದ ಆಟೋ ಬಂದರೆ ಅವಳಿಗೆ ತಿಳಿಯುವುದಿಲ್ಲ.

ನನ್ನನ್ನು ದೇವರು ದಿಂಡರು ಇಲ್ಲದವಳು ಎಂದುಕೊಳ್ಳಬೇಡಿ. ಲಿಂಗಪೂಜೆ ಮಾಡದೆ ನಾನೂ ನೀರು ಮುಟ್ಟುವುದಿಲ್ಲ. ಆದರೆ ನನ್ನ ಪೂಜೆ ನನ್ನ ಅಂಗೈಯದು, ಅದಕ್ಕಾಗಿ ಇನ್ನೊಬ್ಬರ ಮಗಳು ಯಾಕೆ ಹಸಿದಿರಬೇಕು, ಯಾಕೆ ಹೊಡೆಸಿಕೊಳ್ಳಬೇಕು? ವಿಭೂತಿಯನ್ನು ನೀವು ಒಡೆದ ಮಡಕೆಗೆ ಮೆತ್ತುವ ಸಿಮೆಂಟು ಮಾಡಿದಿರಿ. ನನಗೆ ಇದರ ಸಿಟ್ಟೂ ಇದೆ.

ಇಷ್ಟೆಲ್ಲ ಆದ ಮೇಲೆ ಮೊನ್ನೆ ನಿಮ್ಮಿಂದಲೇ ಫೋನು ಬಂತು. ಗಂಡನ ಕಡೆಯವರು ಸೊಸೆಯನ್ನು ಕರೆದುಕೊಂಡು ಹೋಗಲು ಒಪ್ಪಿದ್ದಾರಂತೆ, ಸೋಮವಾರ ಇನ್ನೊಮ್ಮೆ ಕೂರಬೇಕಂತೆ. "ಈ ಸಲ ಎರಡೂ ಕೈಲಿ ಆಣೆ ಮಾಡಿಸಾಣ ಬಿಡ್ರಿ" ಎಂದಿರಿ. ಮೇಡಂ, ಅವನಿಗೆ ಎರಡು ಕಾಲೂ ಇವೆ. ನನ್ನ ಮಗಳಿಗೆ ಉಳಿದಿರುವುದು ಒಂದೇ ಕಿವಿ.

ಸೋಮವಾರ ನಾವು ಬರುತ್ತೇವೆ, ರಾಜಿಗಲ್ಲ. ವಿಭೂತಿಯನ್ನು ಡ್ರಾಯರಿನಲ್ಲೇ ಬಿಟ್ಟು ಪೆನ್ನು ತೆಗೆಯಿರಿ. ಮೊದಲ ದಿನ ಬರೆದುಕೊಳ್ಳಬೇಕಿದ್ದ ದೂರನ್ನು ಅವಳು ಹೇಳಿದ ಹಾಗೆಯೇ ಬರೆದುಕೊಂಡು, ಮೊಹರು ಹಾಕಿ, ಪೊಲೀಸರಿಗೂ ಕೋರ್ಟಿಗೂ ಕಳಿಸಿ, ಪ್ರತಿ ನಮ್ಮ ಕೈಗೆ ಕೊಡಿ. ನಿಮ್ಮ ಹಜಾರದ ಟಿವಿಯನ್ನು ದಯವಿಟ್ಟು ಆರಿಸಿಡಿ, ಗದ್ದಲವಿದ್ದರೆ ಅವಳಿಗೆ ಮಾತು ಹಿಡಿಯುವುದು ಕಷ್ಟ.

ಮತ್ತೆ, ಪ್ರಶ್ನೆ ಕೇಳುವಾಗ ಅವಳ ಎಡಗಡೆ ಬಂದು ಕೂಡ್ರಿ. ಬಲಗಡೆ ಕೂತು ನೀವು ಎಷ್ಟು ಒಳ್ಳೆಯ ಮಾತು ಹೇಳಿದರೂ ಅವಳಿಗೆ ಕೇಳಿಸುವುದಿಲ್ಲ.

ಇಂತಿ,
ಏಳು ಗಂಟೆಗೆ ಈಗ ಟಿವಿ ಹಾಕದ,
ಸ್ನೇಹಾಳ ತಾಯಿ ಸರ್ವಮಂಗಳಮ್ಮ
ಮಂಡಿಪೇಟೆ, ದಾವಣಗೆರೆ