ರೇಡಿಯೋ ಬೆಂಚಿನ ಪಕ್ಕದ ಸ್ಟೂಲು

ಅಂಗಡಿಯ ಮೇಲಿನ ಮನೆ,
ಭಾನುವಾರ, ಮಾರ್ಚ್ ೯

ನನ್ನ ಅಮ್ಮಾ,

ಹೇಗಿದ್ದೀಯ? ದೊಡ್ಡಮ್ಮನ ಸೊಂಟ ಈಗ ಎಷ್ಟು ವಾಸಿ? ಗೋಡೆ ಹಿಡಿದುಕೊಂಡು ಬಚ್ಚಲಿನವರೆಗೆ ತಾನೇ ನಡೆದಳಂತೆ, ಕೇಳಿ ಖುಷಿಯಾಯಿತು. ಅವಳನ್ನು ಎತ್ತಿ ಕೂರಿಸುವಾಗ ನಿನ್ನ ಬೆನ್ನನ್ನೂ ನೋಡಿಕೋ. ಊರಿಗೆಲ್ಲ ಬುದ್ಧಿ ಹೇಳುವ ನೀನು ಮುಲಾಮು ಹಚ್ಚಿಕೊಳ್ಳುವುದರಲ್ಲಿ ಮಾತ್ರ ಸೋಮಾರಿ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಡುಗೆ ಹೇಗೋ ನಡೆಯುತ್ತಿದೆ. ಉಪ್ಪು ಹೆಚ್ಚಾದ ದಿನ ಅಪ್ಪ ಮಾತಿಲ್ಲದೆ ನೀರು ಕುಡಿಯುತ್ತಾರೆ, ಕಡಿಮೆಯಾದ ದಿನ ಒಂದು ಸಲ ನನ್ನ ಮುಖ ನೋಡಿ ಊಟ ಮುಂದುವರಿಸುತ್ತಾರೆ. ಬೈದರೆ ಒಲೆ ತಮ್ಮ ಪಾಲಿಗೆ ಬರುತ್ತದೆಂಬ ಭಯ ಇರಬೇಕು. ಅಂಗಡಿ ಸಾಲಿನವರೆಲ್ಲ ನನ್ನನ್ನು ಟೀಚರಮ್ಮ ಎನ್ನುತ್ತಾರೆ. ಸಾಹಿತ್ಯ ಓದಿದವಳು ಇನ್ನೇನಾಗಲು ಸಾಧ್ಯವೆಂದು ಅವರ ಲೆಕ್ಕ. ಒಂದು ದಿನವೂ ಪಾಠ ಹೇಳದೆ ಟೀಚರಾದವಳು ನಾನೊಬ್ಬಳೇ ಇರಬೇಕು.

ಎದುರಿಗೆ ಹೇಳಬೇಕಾದ ಮಾತು ನನ್ನ ಗಂಟಲಲ್ಲೇ ನಿಂತುಬಿಡುತ್ತದೆಂದು ನಿನಗೆ ಗೊತ್ತು. ಫೋನಿನಲ್ಲಂತೂ ಇನ್ನೂ ಕಷ್ಟ. ಅದಕ್ಕೇ ಈ ಕಾಗದ. ವಿಷಯ ಇಷ್ಟು: ಅಪ್ಪ ರೇಡಿಯೋ ಬೆಂಚನ್ನು ಪಕ್ಕದ ಸೀಟ್ ಕವರಿನ ಮಾವನಿಗೆ ಕೊಟ್ಟುಬಿಡುತ್ತೇನೆ ಎನ್ನುತ್ತಿದ್ದಾರೆ. ಬರೀ ಹಲಗೆಯಲ್ಲ. ಸ್ಟೀರಿಯೋಗಳು, ಪರದೆಯ ಸೆಟ್ಟುಗಳು, ಸ್ಪೀಡೋಮೀಟರುಗಳು, ಆ ಗೋಡೆಯ ಕಪಾಟು, ಎಲ್ಲ. ಇನ್ನು ಮುಂದೆ ಬಾಗಿಲು, ಬಂಪರು, ಹೆಡ್‌ಲೈಟು ಇಷ್ಟೇ ಸಾಕಂತೆ. ನೀವಿಬ್ಬರೂ ಸೇರಿ ಕಟ್ಟಿದ್ದರಲ್ಲಿ ಅರ್ಧ ಹೋದ ಹಾಗೆ. ಯಾಕೆಂದು ಕೇಳಿದರೆ ಈಗಿನ ಸೆಟ್ಟುಗಳಿಗೆ ಕೋಡ್ ನಂಬರು, ಬೀಗ, ತಲೆನೋವು ಎನ್ನುತ್ತಾರೆ. ನಿಜವಾದ ಕಾರಣ ಅದಲ್ಲ. ಆ ಕಾರಣ ನಿನಗೂ ಗೊತ್ತಿದೆ ಎಂದು ನನಗೆ ಮೊನ್ನೆಯಷ್ಟೇ ತಿಳಿಯಿತು.

ನೀನು ಹೋದ ಮೇಲೆ ಬೆಂಚಿನ ಕೆಲಸ ಹತ್ತಿರದಿಂದ ನೋಡುತ್ತಿದ್ದೇನೆ. ಬಿಚ್ಚಿ ಬಿಡಿಭಾಗ ಮಾರಲೆಂದು ಮೂತಿ ಜಜ್ಜಿಹೋದ ಕಾರುಗಳು ಬರುತ್ತವೆ. ಎಂಜಿನ್ನು ಮುದ್ದೆಯಾಗಿದ್ದರೂ ಡ್ಯಾಶ್‌ಬೋರ್ಡಿನ ಮೇಲೆ ಒಂದು ಗೀರೂ ಇರುವುದಿಲ್ಲ. ಅಪ್ಪ ಹಲ್ಲು ಕೀಳುವ ಡಾಕ್ಟರ ಹಾಗೆ ನಿಧಾನವಾಗಿ ಸೆಟ್ಟನ್ನು ಹೊರಗೆಳೆದು, ಹಿಂದಿನ ವೈರುಗಳನ್ನು ಜಡೆ ಬಿಚ್ಚಿದಂತೆ ಬಿಚ್ಚಿ, ಬೆಂಚಿನ ಬ್ಯಾಟರಿಗೆ ಸಿಕ್ಕಿಸುತ್ತಾರೆ. ಗಿರಾಕಿ ಬಂದಾಗ ಎರಡು ಬರಿಯ ಸ್ಪೀಕರುಗಳಿಗೆ ಜೋಡಿಸಿ, ಹಾಡು ಶುರುವಾದೊಡನೆ ಎರಡರ ಮೇಲೂ ಒಂದೊಂದು ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಾರೆ. ಯಜಮಾನರು ನಾಡಿ ಹಿಡಿದೇ ಹೇಳುತ್ತಾರೆ ಎಂದು ಗಿರಾಕಿಗಳಿಗೆ ಬೆರಗು. ನನಗೂ ಹೆಮ್ಮೆಯಿತ್ತು. ಒಂದು ಸಂಗತಿ ಮಾತ್ರ ಅರ್ಥವಾಗಿರಲಿಲ್ಲ. ಕೈ ಸ್ಪೀಕರಿನ ಮೇಲಿದ್ದರೂ ಅಪ್ಪನ ಕಣ್ಣು ಬೆಂಚಿನ ಪಕ್ಕ ನೀನು ಕೂರುತ್ತಿದ್ದ ಖಾಲಿ ಸ್ಟೂಲಿನ ಕಡೆ ಹೋಗುತ್ತಿತ್ತು. ಪ್ರತಿ ಸಲವೂ. ನಿನ್ನ ನೆನಪು ಕಾಡುತ್ತಿದೆ ಎಂದುಕೊಂಡೆ. ಕಾದಂಬರಿ ಓದಿ ಕೆಟ್ಟವಳ ಬುದ್ಧಿ ನೋಡು.

ಹೋದ ವಾರ ಶಾಲೆಯ ವ್ಯಾನು ಓಡಿಸುವವರು ಬಂದರು, ಮೀಸೆ ದಪ್ಪ, ದನಿ ಸಣ್ಣ, ನಿನಗೆ ನೆನಪಿರಬಹುದು. ಅಪ್ಪನೇ ಪರೀಕ್ಷಿಸಿ ಕೊಟ್ಟ ಸೆಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದರು. "ಯಜಮಾನ್ರೇ, ಇದು ಹಾಡ್ತಿಲ್ಲ, ಹುರೀತಿದೆ. ಮಕ್ಕಳೆಲ್ಲ ಕಿವಿ ಮುಚ್ಕೊಂಡು ಕೂತ್ಕೋತಾವೆ" ಎಂದರು. ಅಪ್ಪ ನಕ್ಕು ಸೆಟ್ಟನ್ನು ಬೆಂಚಿಗೆ ಹಾಕಿದರು. ಎಡಗಡೆಯ ಸ್ಪೀಕರಿನಿಂದ ಒಗ್ಗರಣೆಗೆ ನೀರು ಬಿದ್ದಂಥ ಸದ್ದು. ಅಪ್ಪ ಅಂಗೈ ಇಟ್ಟು, "ಚೆನ್ನಾಗೇ ಇದೆಯಲ್ಲಪ್ಪ, ನಿಮ್ಮ ಮಕ್ಕಳಿಗೆ ಹಾಡು ಹಿಡಿಸಿಲ್ಲ ಅಷ್ಟೇ" ಎಂದು ಸೆಟ್ಟಿನ ದನಿ ಏರಿಸಿದರು. ಇನ್ನೂ ಏರಿಸಿದರು. ಟೈರಿನ ಅಂಗಡಿಯವರು ಎದ್ದು ಹೊರಗೆ ಬಂದರು. ಸೀಟ್ ಕವರಿನ ಮಾವ ಹೊಲಿಗೆ ನಿಲ್ಲಿಸಿ ಇಣುಕಿದರು. ಆ ಕರ್ಕಶದ ನಡುವೆ ಅಪ್ಪನ ಮುಖ ಮಾತ್ರ ಶಾಂತವಾಗಿತ್ತು ಅಮ್ಮಾ. ಆಮೇಲೆ ಅವರು ಸ್ಟೂಲಿನ ಕಡೆ ನೋಡಿದರು, ನಮ್ಮೆಲ್ಲರ ಮುಖ ನೋಡಿದರು. ಸೆಟ್ಟು ಆರಿಸಿ, ಕಪಾಟಿನಿಂದ ಬೇರೆಯದನ್ನು ತೆಗೆದುಕೊಟ್ಟರು. ವ್ಯಾನಿನವರು ಒಳ್ಳೆಯವರು, ತಾವೇ ತಪ್ಪು ಮಾಡಿದವರಂತೆ ತಲೆ ಬಗ್ಗಿಸಿಕೊಂಡು ಹೋದರು. ಅಂದು ಸಂಜೆಯೇ ಅಪ್ಪ ಸೀಟ್ ಕವರಿನ ಮಾವನನ್ನು ಕರೆದು ಬೆಂಚಿನ ಅಳತೆ ತೆಗೆದುಕೊಳ್ಳಲು ಹೇಳಿದ್ದು.

ಎರಡು ದಿನ ಯೋಚಿಸಿ, ಏನೂ ಹೇಳದೆ ನಿನ್ನ ಸ್ಟೂಲಿನ ಮೇಲೆ ಹೋಗಿ ಕುಳಿತೆ. ಮಡಿಲಲ್ಲಿ ಸ್ಕ್ರೂಗಳ ಡಬ್ಬಿ ಇಟ್ಟುಕೊಂಡು ಬೇರೆ ಮಾಡುವವಳ ಹಾಗೆ ನಟಿಸಿದೆ. ಟ್ಯಾಕ್ಸಿಯವರೊಬ್ಬರು ಬಂದರು. ಮೊದಲ ಸೆಟ್ಟು ಕೊರಕೊರ ಎಂದಿತು, ತಲೆ ಅಡ್ಡ ಆಡಿಸಿದೆ. ಅಪ್ಪ ಕಂಡೂ ಕಾಣದಂತೆ ಅದನ್ನು ಬದಿಗಿಟ್ಟರು. ಎರಡನೆಯದು ಚೊಕ್ಕವಾಗಿ ಹಾಡಿತು, ತಲೆ ಉದ್ದಕ್ಕೆ ಆಡಿಸಿದೆ. ಅದನ್ನೇ ಕಟ್ಟಿಕೊಟ್ಟರು. ಟ್ಯಾಕ್ಸಿ ತಿರುವು ದಾಟುವವರೆಗೂ ಕಾದು, "ಏನದು, ಎಮ್ಮೆ ನೊಣ ಓಡಿಸ್ದಂಗೆ ತಲೆ ಆಡಿಸ್ತೀಯ?" ಎಂದು ಗದರಿದರು. ನಾನು ಸ್ಕ್ರೂಗಳನ್ನೇ ನೋಡುತ್ತಾ ಕುಳಿತೆ. ಬೆಂಚನ್ನು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

"ನಿಮ್ಮಮ್ಮ ತಲೆ ಆಡಿಸಲ್ಲ. ಗಿರಾಕಿ ನೋಡ್ತಾನೆ. ಎಡಗಡೆ ಕೆಟ್ಟಿದ್ರೆ ಎಡಗೈ ಒರೆಸ್ಕೋತಾಳೆ, ಬಲಗಡೆ ಕೆಟ್ಟಿದ್ರೆ ಬಲಗೈ. ಎರಡೂ ಕೆಟ್ಟಿದ್ರೆ ಟೀ ಹೇಳ್ಬರ್ತೀನಿ ಅಂತ ಎದ್ದು ಹೋಗ್ತಾಳೆ."

ಅಮ್ಮಾ, ನಮ್ಮ ಅಂಗಡಿಗೆ ಅಷ್ಟು ಟೀ ಯಾಕೆ ಬರುತ್ತಿತ್ತೆಂದು ಈಗ ಗೊತ್ತಾಯಿತು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇದನ್ನು ಯಾವಾಗ ಮಾತಾಡಿಕೊಂಡಿರಿ ಎಂದು ಕೇಳಿದೆ. ಮಾತಾಡಿಕೊಂಡದ್ದೇ ಇಲ್ಲವಂತೆ. ಸಣ್ಣ ಸದ್ದುಗಳು ತಮಗೆ ತಪ್ಪಿಹೋಗುತ್ತಿವೆ ಎಂದು ನಿನಗೆ ಹೇಳಲು ಅವರಿಗೆ ನಾಚಿಕೆ. ನೀನೂ ಕೇಳಲಿಲ್ಲ. ಒಂದು ದಿನ ನೀನು ಸ್ಟೂಲು ತಂದು ಹಾಕಿಕೊಂಡೆ, ಕೈ ಒರೆಸಿಕೊಂಡೆ, ಅವರು ನೋಡಿದರು, ಅಷ್ಟೇ. "ನಂಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಿಲ್ಲ, ಹೇಳ್ಬೇಡ" ಎಂದರು. ಹೇಳುತ್ತಿದ್ದೇನೆ, ಕ್ಷಮಿಸಲಿ. ಅವರು ನಿನ್ನ ಸನ್ನೆ ನೋಡಿಯೇ ನಡೆಯುತ್ತಿದ್ದದ್ದು ನಿನಗೆ ಗೊತ್ತೇ ಇಲ್ಲವೆಂದು ಅವರು ನಂಬಿದ್ದಾರೆ. ಇಂಥ ಗಂಡ ಹೆಂಡತಿಯ ನಡುವೆ ನಾನು ಹೇಗೆ ಹುಟ್ಟಿ ಬೆಳೆದೆನೋ, ಮನೆಯಲ್ಲಿ ಯಾರೂ ಏನನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಸಂಕೋಚ ಎಲ್ಲಿಂದ ಬಂತೆಂದು ನೆಂಟರು ಇನ್ನು ಕೇಳಬೇಕಿಲ್ಲ.

ಧೈರ್ಯ ಮಾಡಿ ಕಿವಿ ಡಾಕ್ಟರ ಹತ್ತಿರ ಹೋಗೋಣವೆಂದೆ. ಇಷ್ಟು ಸಣ್ಣ ಯಂತ್ರ ಬಂದಿದೆ, ಕೂದಲಿನ ಮರೆಯಲ್ಲಿ ಕಾಣುವುದೇ ಇಲ್ಲವೆಂದೆ. "ಇರೋ ಕೂದಲಲ್ಲಿ ಮರೆಯಾಗೋಕೆ ಅದು ಸಾಸಿವೆ ಕಾಳಿನಷ್ಟಿರ್ಬೇಕು" ಎಂದರು. ಆಮೇಲೆ ಮೆಲ್ಲಗೆ, "ನಿಮ್ಮಮ್ಮ ಬರ್ಲಿ. ಈ ತಿಂಗಳ ಕೊನೆಗೆ ಬಂದೇ ಬರ್ತಾಳಲ್ಲ, ಅವಳ ಜೊತೆ ಹೋಗ್ತೀನಿ" ಎಂದರು. ಸೀಟ್ ಕವರಿನ ಮಾವನಿಗೂ ಅದನ್ನೇ ಹೇಳಿದ್ದಾರೆ, ಅವಳು ಬಂದು ಬೇಡವೆಂದರೆ ಬೆಂಚು ಕೊಡುವುದಿಲ್ಲವೆಂದು. ಮಾವ ಟೇಪು ಸುತ್ತಿಕೊಂಡು ಹೋಗಿದ್ದಾರೆ. ನೀನು ಬೇಡವೆನ್ನುತ್ತೀಯೆಂದು ನನಗೆ ನಂಬಿಕೆಯಿದೆ. ನಾನಿದ್ದೇನೆ, ಕಲಿಯುತ್ತೇನೆ. ಆದರೆ ನನ್ನ ಕೈಸನ್ನೆಗಿಂತ ಅವರಿಗೇ ಕೇಳಿಸುವುದು ಒಳ್ಳೆಯದಲ್ಲವೇ?

ದೊಡ್ಡಮ್ಮನಿಗೆ ನನ್ನ ನಮಸ್ಕಾರ, ಅವಳು ನಿನ್ನ ಮಾತು ಕೇಳದಿದ್ದರೆ ನನ್ನ ಹೆಸರು ಹೇಳಿ ಹೆದರಿಸು. ನಿನ್ನ ಬೆನ್ನು ಜೋಪಾನ. ಅಪ್ಪ ಕೆಳಗೆ ಯಾವುದೋ ಕಾರಿನ ಬಾಗಿಲು ಬಿಚ್ಚುತ್ತಿದ್ದಾರೆ, ಅವರ ಪ್ರೀತಿಯನ್ನೂ ನಾನೇ ಸೇರಿಸಿ ಬರೆಯುತ್ತಿದ್ದೇನೆ.

ನಿನ್ನ ಮಗಳು,
ಟೀಚರಮ್ಮ

ಮತ್ತೊಂದು ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ದೊಡ್ಡಮ್ಮನ ಮಗಳು ಫೋನು ಮಾಡಿದಳು. ಮಳೆಗಾಲ ಮುಗಿಯುವವರೆಗೂ ನೀನು ಅಲ್ಲೇ ಉಳಿಯುತ್ತೀಯಂತೆ. ಹಾಗೆ ಉಳಿಯಲೇ ಎಂದು ನೀನು ಫೋನಿನಲ್ಲಿ ಕೇಳಿದಾಗ ಅಪ್ಪ "ಆಗ್ಲಿ, ಆಗ್ಲಿ" ಎಂದುಬಿಟ್ಟರಂತೆ. "ನಾನಿಲ್ಲದಿದ್ದರೂ ಅಲ್ಲಿ ಏನೂ ನಿಂತುಹೋಗಿಲ್ಲ" ಎಂದು ಹೇಳಿ ನೀನು ಗೋಡೆ ಕಡೆ ತಿರುಗಿ ಮಲಗಿದೆಯಂತೆ. ಅಮ್ಮಾ, ಅವರಿಗೆ ಕೇಳಿಸಿಲ್ಲ. ಸ್ಪೀಕರಿನ ಕೊರಕೊರ ಮಾತ್ರವಲ್ಲ, ಈಗ ಫೋನಿನಲ್ಲಿ ನಿನ್ನ ಮಾತೂ ಕೇಳಿಸುತ್ತಿಲ್ಲ. ಎದುರಿಗಿದ್ದಾಗ ತುಟಿ ನೋಡಿ ತಿಳಿದುಕೊಳ್ಳುತ್ತಾರೆ, ಅದು ನಿನಗೂ ಗೊತ್ತಾಗಿರಲಿಕ್ಕಿಲ್ಲ. ಕೇಳಿಸದಿದ್ದಾಗ, ನೀನು ಏನು ಕೇಳಿದರೂ ಆಗಲಿ ಎನ್ನುವುದು ಅವರ ಅಭ್ಯಾಸ. ಈ ಕಾಗದ ತಲುಪಿದ ದಿನವೇ ದೊಡ್ಡಮ್ಮನ ಮಗಳ ಫೋನಿನಲ್ಲಿ ಮುಖ ಕಾಣುವ ಹಾಗೆ ಕರೆ ಮಾಡಿಸು. ಬೆಳಕಿನ ಕಡೆ ತಿರುಗಿ ಕೂತುಕೋ, ನಿಧಾನವಾಗಿ ಕೇಳು. ಉಳಿಯಲೇ ಎಂಬ ಅದೇ ಪ್ರಶ್ನೆ ಕೇಳು.