ಮುಚ್ಚಿದ ಗಾಳಿಕಿಂಡಿ

ಅಮ್ಮಾ,

ನೀನೇ ಎರಡು ಹೂಗಳನ್ನು ಕೂಡಿಸಿ ಬೀಜದಿಂದ ಬೆಳೆಸಿದ ಚಳಿಗಾಲದ ಗಡ್ಡೆಹೂವು ಕ್ರೋಕಸ್ ಈ ಜನವರಿಯಲ್ಲಿ ಮೊದಲ ಸಲ ಅರಳಬೇಕಿತ್ತು. ಆ ತಳಿ ಬೇರೆ ಯಾರ ಬಳಿಯೂ ಇಲ್ಲ. ಇವತ್ತು ಬೆಳಿಗ್ಗೆ ನಿನ್ನ ಗೆಳತಿ ವಿನಿಫ್ರೆಡ್ ಆಂಟಿ ಅದನ್ನು ನೋಡಲೆಂದೇ ಯಾರ್ಕ್‌ನಿಂದ ಬಂದರು. ನೀನು ತೀರಿಕೊಂಡ ಮೇಲೆ ಹುಟ್ಟಿದ, ನೀನು ನೋಡದ ಮೊಮ್ಮಗಳನ್ನು ಎತ್ತಿಕೊಂಡೇ ಗಾಜಿನ ಮನೆಯ ಬಾಗಿಲು ತೆರೆದೆ. ಕುಂಡಗಳಲ್ಲೆಲ್ಲ ಮೊಗ್ಗುಗಳು ಬೂದು ಬೂಷ್ಟು ಹಿಡಿದು ಒರಗಿದ್ದವು.

"ಗಾಳಿಕಿಂಡಿ ಮುಚ್ಚಿಟ್ಟಿದ್ಯೇನೇ?"

"ಹಿಮ ಬೀಳ್ತಿತ್ತಲ್ಲ ಆಂಟಿ. ಚಳಿಯಾಗತ್ತೆ ಅಂತ..."

"ಅಯ್ಯೋ ಹುಚ್ಚಿ! ಹಿಮ ಸೀಳ್ಕೊಂಡು ಬರೋ ಹೂವು ಕಣೇ ಅದು. ಚಳಿಗೆ ಸಾಯಲ್ಲ, ಗಾಳಿಯಿಲ್ದೆ ಸಾಯತ್ತೆ. ಗಿಡದ ಬಗ್ಗೆ ಓದಿದ್ದೆಲ್ಲ ಮಗು ಹಾಲಿನ ಬಾಟ್ಲಿ ತೊಳೆಯೋದ್ರಲ್ಲೇ ಹೋಯ್ತಾ?"

ನಗುತ್ತಲೇ ಮಣ್ಣು ಕೆದಕಿ ಗಡ್ಡೆಯನ್ನು ಒತ್ತಿದರು. ಅದು ಬೆರಳಡಿಯಲ್ಲಿ ಮೆತ್ತಗೆ ಕುಸಿಯಿತು. ಒಂದೊಂದೇ ಕುಂಡ ನೋಡುತ್ತ ಹೋದರು; ಒಂದು ಗಡ್ಡೆಯೂ ಉಳಿದಿರಲಿಲ್ಲ. ಚಹಾ ಕೂಡ ಬೇಡವೆಂದು ಹೊರಟುಬಿಟ್ಟರು.

ಮಗುವನ್ನು ಮಲಗಿಸಲು ಕೋಣೆಗೆ ಬಂದೆ. ಅಲ್ಲೂ ಕಿಟಕಿ ಮುಚ್ಚಿ, ಸಂದಿಗೆಲ್ಲ ಬಟ್ಟೆ ತುರುಕಿದ್ದೇನೆ. ಅವಳ ಕತ್ತು ಬೆವರಿತ್ತು. ನಾನು ನಿದ್ದೆಗೆಟ್ಟು ಇವಳನ್ನು ಕಾಯುವುದೆಂದರೆ ಹೀಗೆ ಉಸಿರುಗಟ್ಟಿಸುವುದೇ ಏನು? ಬಟ್ಟೆ ಕಿತ್ತು ಚಿಲಕಕ್ಕೆ ಕೈಯಿಟ್ಟೆ. ಕೈ ಮುಂದೆ ಹೋಗಲಿಲ್ಲ.

ಎಷ್ಟು ತೆರೆಯಬೇಕು ಅಮ್ಮಾ? ಯಾರನ್ನು ಕೇಳಲಿ?