ಸಿರೇಲಿಯ ಕಡಲು

ಸಿಂಗಾಟೋಕಾ ಕಡಲದಂಡೆ, ಫಿಜಿ

ಬೆಟ್ಟದೂರಿನ ಅಕ್ಕನಿಗೆ,

ಕಾಲಿನ ಬಾವು ಇಳಿದಿದೆ, ಚಿಂತೆ ಬೇಡ. ನನ್ನ ಸಿರೇಲಿಯನ್ನು ಮಣ್ಣು ಮಾಡಿ ನೀವೆಲ್ಲ ಬೆಟ್ಟ ಹತ್ತಿದ ಮೇಲೆ, ಈ ಊರಿನವರು ಅವನ ಹೆಸರಿನಲ್ಲಿ ಕಡಲನ್ನೇ ಮುಚ್ಚಿದರು. ಹವಳದ ದಿಬ್ಬದ ಮೇಲೆ ಗಳ ನೆಟ್ಟು ಬಟ್ಟೆ ಕಟ್ಟಿದ್ದಾರೆ. ಅದನ್ನು ಕೀಳುವವರೆಗೆ ಯಾರೂ ಬಲೆ ಬೀಸುವಂತಿಲ್ಲ. ಊರಿಗೆಲ್ಲ ಡಬ್ಬಿ ಮೀನೇ ಗತಿ. ಕಡಲಿನ ಮೀನುಗಳೋ ಹೆದರಿಕೆ ಬಿಟ್ಟು ಮೊಣಕಾಲುದ್ದದ ನೀರಿಗೇ ಬರುತ್ತಿವೆ. ನಿನ್ನೆ ಅತ್ತೆ ಅವನ್ನೇ ನೋಡುತ್ತ, “ನನ್ನ ಮಗ ಇದ್ದಾಗ ಒಂದೂ ಈ ಕಡೆ ಸುಳೀಲಿಲ್ಲ. ಈಗ ಬರ್ತಾವೆ ನೋಡು, ನಾಚಿಕೆಗೆಟ್ಟವು” ಎಂದರು.

ಬರುವ ಶನಿವಾರ ಗಳ ಕೀಳುತ್ತಾರೆ. ಊರೆಲ್ಲ ಬಲೆ ಹೊಲಿಯುತ್ತ ಕೂತಿದೆ. ಅಂದು ಮೀನಿನ ಊಟ, ಅಲ್ಲಿಗೆ ಸೂತಕ ಮುಗಿಯಿತಂತೆ. ನೀನು ಬರುವಾಗ ಕೆಸುವಿನ ಗೆಡ್ಡೆ ತಾ, ಇಲ್ಲಿಯದು ಬೇಯುವುದಿಲ್ಲ.

ಇವತ್ತು ಬೆಳಿಗ್ಗೆ ನೋಡಿದರೆ ಗಾಳಿಗೆ ಗಳ ವಾಲಿತ್ತು. ಯಾರಿಗೂ ಹೇಳದೆ ನೀರಿಗಿಳಿದು, ಬುಡಕ್ಕೆ ಕಲ್ಲು ಒತ್ತಿ ನೆಟ್ಟಗೆ ನಿಲ್ಲಿಸಿದೆ. ನಾನು ಅದನ್ನು ಮುಟ್ಟಬಾರದಿತ್ತೇನೋ ಎಂದು ಅಳುಕುತ್ತ ತಿರುಗಿದರೆ, ಅತ್ತೆ ಸೊಂಟದವರೆಗೆ ನೆನೆದು ಹಿಂದೆಯೇ ನಿಂತಿದ್ದರು. ಕೈಯಲ್ಲಿ ಇನ್ನೊಂದು ಕಲ್ಲಿತ್ತು.

“ಇದನ್ನೂ ಇಡು” ಎಂದರು, “ಗಟ್ಟಿಯಾಗಿರ್ಲಿ.”

ಈ ಕಾಗದ ಒಯ್ಯುವ ಬಸ್ಸು ಬಂತು.
ಮೆರೆಸೇನಿ